ಬಾಗಿಲ ಪಕ್ಕದ ಹಲಗೆ

ನಮ್ಮ ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುತ್ತಿದ್ದುದು ದೇವರ ಫೋಟೋ ಅಲ್ಲ, ಕ್ಯಾಲೆಂಡರೂ ಅಲ್ಲ, ಬಾಗಿಲ ಪಕ್ಕದಲ್ಲಿ ತೂಗುಹಾಕಿದ್ದ ಒಂದು ಹಲಗೆ. ಮೊಳದುದ್ದದ ಮರದ ತುಂಡು, ಅದಕ್ಕೆ ಕೆಂಪು ಬಣ್ಣ, ಸಾಲಾಗಿ ಬಡಿದ ಮೊಳೆಗಳು, ಮೊಳೆಗೊಂದು ಹಿತ್ತಾಳೆ ಬಿಲ್ಲೆ. ಬಿಲ್ಲೆಯ ಮೇಲೆ ಮನೆಯವರ ಹೆಸರು. ಹೊರಗೆ ಹೋಗುವವರು ತಮ್ಮ ಬಿಲ್ಲೆಯನ್ನು ತೆಗೆದುಕೊಂಡು ಹೋಗಬೇಕು, ಒಳಗೆ ಬಂದ ಕೂಡಲೇ ಅದನ್ನು ಮತ್ತೆ ಮೊಳೆಗೆ ಹಾಕಬೇಕು. ಶಾಲೆಗೆ ಹೋದರೂ ಅಷ್ಟೇ, ಹಾಲು ತರಲು ಹೋದರೂ ಅಷ್ಟೇ, ಗ್ಯಾಲರಿಯ ಕೊನೆಯಲ್ಲಿದ್ದ ನಲ್ಲಿಯ ತನಕ ಹೋದರೂ ಅಷ್ಟೇ. ಮರೆತರೆ ಬೈಗುಳವಿಲ್ಲ, ಹೊಡೆತವಿಲ್ಲ. ಅಪ್ಪ ನಮ್ಮನ್ನು ಮತ್ತೆ ಹೊಸ್ತಿಲಾಚೆ ಕಳಿಸಿ, ಕೈಗೆ ಬಿಲ್ಲೆ ಕೊಟ್ಟು, ಇನ್ನೊಮ್ಮೆ ಒಳಗೆ ಕರೆಯುತ್ತಿದ್ದ. ಇಡೀ ಗ್ಯಾಲರಿ ನೋಡುತ್ತಿದ್ದುದರಿಂದ ನಾಚಿಕೆಗೆ ಅದೇ ಸಾಕಾಗುತ್ತಿತ್ತು.

ಅಪ್ಪ ಪುಣೆಯ ಹಳೇ ಪೇಠೆಗಳ ನಡುವಿನ ಒಂದು ಫೈರ್ ಸ್ಟೇಷನ್ನಿಗೆ ಮುಖ್ಯಸ್ಥನಾಗಿದ್ದ. ವಿಜಾಪುರದ ಕಡೆಯಿಂದ ಬಂದು ಸಾಧಾರಣ ಫೈರ್‌ಮನ್ ಆಗಿ ಸೇರಿ, ತಪ್ಪುತಪ್ಪಾಗಿ ಮರಾಠಿ ಕಲಿತು, ಒಂದೊಂದೇ ಮೆಟ್ಟಿಲು ಹತ್ತಿ 'ಸಾಹೇಬ' ಅನ್ನಿಸಿಕೊಂಡವನು. ಸ್ಟೇಷನ್ನಿನ ಬೆನ್ನಿಗೇ ನಮ್ಮ ಕ್ವಾರ್ಟರ್ಸು. ಕೆಳಗೆ ಬಂಬಗಳು ನಿಲ್ಲುತ್ತಿದ್ದವು; ಪುಣೆಯಲ್ಲಿ ಬೆಂಕಿ ಆರಿಸುವ ಕೆಂಪು ಗಾಡಿಗೆ ಬಂಬ ಎಂದೇ ಹೆಸರು. ಮೇಲೆ ಸಾಲುಖೋಲಿಗಳು, ಎಲ್ಲಕ್ಕೂ ಸೇರಿ ಒಂದೇ ಗ್ಯಾಲರಿ. ನಮ್ಮದು ಎರಡು ಖೋಲಿ, ಸಾಹೇಬನಾದ್ದಕ್ಕೆ ಸಿಕ್ಕ ವೈಭವ. ಮುಂದಿನ ಖೋಲಿಯಲ್ಲಿ ಅಪ್ಪನ ಕುರ್ಚಿ, ಅಜ್ಜಿಯ ಹಾಸಿಗೆ, ನನ್ನ ಪುಸ್ತಕದ ಪೆಟ್ಟಿಗೆ. ಹಿಂದಿನದು ಅಡುಗೆಮನೆ, ಅವ್ವನ ರಾಜ್ಯ. ಆದರೆ ಆ ರಾಜ್ಯಕ್ಕೂ ಕಾನೂನು ಮಾಡುತ್ತಿದ್ದವನು ಅಪ್ಪನೇ.

ಹಲಗೆಯ ಪದ್ಧತಿ ಸ್ಟೇಷನ್ನಿನಿಂದ ಬಂದದ್ದು. ಹೊಗೆ ತುಂಬಿದ ಮನೆಯೊಳಗೆ ನುಗ್ಗುವ ಮುನ್ನ ಪ್ರತಿಯೊಬ್ಬನೂ ತನ್ನ ಹೆಸರಿನ ಬಿಲ್ಲೆಯನ್ನು ಬಾಗಿಲಲ್ಲಿ ನಿಂತವನ ಹಲಗೆಗೆ ಹಾಕಿ ಹೋಗಬೇಕು. ಹೊರಬಂದಾಗ ತಾನೇ ತೆಗೆದುಕೊಳ್ಳಬೇಕು. ಹಲಗೆಯ ಮೇಲೆ ಬಿಲ್ಲೆ ಇದ್ದರೆ ಮನುಷ್ಯ ಒಳಗಿದ್ದಾನೆ, ಹಲಗೆ ಖಾಲಿಯಾದರೆ ಎಲ್ಲರೂ ಹೊರಗೆ ಬಂದಿದ್ದಾರೆ. ಅಪ್ಪ ಇದನ್ನು ಮನೆಗೂ ತಂದದ್ದಕ್ಕೆ ಕಾರಣವಿತ್ತು. ಯಾವುದೋ ಮನೆಗೆ ಬೆಂಕಿ ಬಿದ್ದಾಗ ತಾಯಿಯೊಬ್ಬಳು ಮಗು ಒಳಗಿದೆ ಎಂದು ಎದೆ ಬಡಿದುಕೊಂಡಳಂತೆ. ಹುಡುಕಲು ಹೋದವನ ಕೈ ಬೆಂದಿತು; ಮಗು ಪಕ್ಕದ ಮನೆಯಲ್ಲಿ ಆಡುತ್ತಿತ್ತು. ಒಳಗೆ ಯಾರಿದ್ದಾರೆ, ಹೊರಗೆ ಯಾರಿದ್ದಾರೆ ಎಂದು ಗೊತ್ತಿಲ್ಲದ ಮನೆ ಮನೆಯೇ ಅಲ್ಲ ಎಂದು ಅಪ್ಪ ಅಂದಿನಿಂದ ಹೇಳತೊಡಗಿದ.

ಬಿಲ್ಲೆಗಳನ್ನು ಮಾಡಿಕೊಟ್ಟವನು ಮಲ್ಲಪ್ಪ ಕಾಕಾ. ಜತ್ತ ಕಡೆಯವನು, ಅಪ್ಪನ ಕೈಕೆಳಗಿನ ಫೈರ್‌ಮನ್, ಆ ಇಡೀ ಸಾಲಿನಲ್ಲಿ ನಮ್ಮನ್ನು ಬಿಟ್ಟರೆ ಕನ್ನಡ ಆಡುವ ಇನ್ನೊಂದೇ ಮನೆಯ ಯಜಮಾನ. ಗ್ಯಾಲರಿ ತಿರುಗುವಲ್ಲಿ, ನಮ್ಮ ಎದುರಿಗೆ ಬರುವ ಮೂಲೆಯ ಖೋಲಿ ಅವನದು. ಕೆಲಸದ ಹೊತ್ತಿನಲ್ಲಿ ಅಪ್ಪನನ್ನು 'ಸಾಹೇಬ್ರ' ಎನ್ನುತ್ತಿದ್ದವನು ಸಮವಸ್ತ್ರ ಕಳಚಿದರೆ 'ಅಣ್ಣಾರ' ಎನ್ನುತ್ತಿದ್ದ. ಸವೆದ ಹೋಸ್ ಪೈಪಿನ ಹಿತ್ತಾಳೆ ಮೂತಿ ಕತ್ತರಿಸಿ, ದುಂಡಗೆ ಉಜ್ಜಿ, ಉಳಿಯಿಂದ ಚುಚ್ಚಿ ಚುಚ್ಚಿ ಕನ್ನಡದಲ್ಲೇ ನಮ್ಮ ಹೆಸರು ಬರೆದ. 'ಸುಮಿತ್ರಾ' ಎಂದು ಶುರುಮಾಡಿದ ನನ್ನ ಹೆಸರು ಅರ್ಧಕ್ಕೇ ಜಾಗ ಮುಗಿದು 'ಸುಮಿ' ಎಂದು ನಿಂತುಹೋಯಿತು. ಇವತ್ತಿಗೂ ನನ್ನನ್ನು ಹತ್ತಿರದವರು ಕರೆಯುವುದು ಆ ಬಿಲ್ಲೆಯ ಅಳತೆಗೆ ಸರಿಯಾಗಿಯೇ. ಅಜ್ಜಿಗೂ ಒಂದು ಮಾಡಿ ತಂದ. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ ಮಗನ ಕಡೆಗೆ ತಳ್ಳಿದಳು.

"ನಾ ಏನ ಎಮ್ಮಿ ಏನಲೇ, ಕೊರಳಾಗ ಬಿಲ್ಲಿ ಕಟಗೊಂಡ ತಿರಗಾಕ? ನಾ ಎಲ್ಲೆ ಅದೀನಿ ಅಂತ ನನ್ನ ಕೆಮ್ಮ ಕೇಳಿದ್ರ ತಿಳೀತದ."

ಕಡೆಗೆ ಅಜ್ಜಿಯ ಬಿಲ್ಲೆಯನ್ನು ತೆಗೆಯುವ, ಹಾಕುವ ಕೆಲಸ ನನ್ನ ಪಾಲಿಗೆ ಬಂತು. ರಾತ್ರಿ ಊಟವಾದ ಮೇಲೆ ಅಪ್ಪ ಹಲಗೆಯ ಮುಂದೆ ನಿಂತು ಒಂದೊಂದೇ ಬಿಲ್ಲೆಯನ್ನು ಬೆರಳಿನಿಂದ ಮುಟ್ಟುತ್ತಿದ್ದ. ಆಮೇಲೆ ಯಾರಿಗೆ ಎಂದಲ್ಲದೆ, ಮನೆಗೇ ಹೇಳಿದ ಹಾಗೆ ಹೇಳುತ್ತಿದ್ದ.

"ಎಲ್ಲಾರೂ ಒಳಗ ಅದಾರ. ಬಾಗಲಾ ಹಾಕು."

ಅವ್ವ ಅಗಳಿ ಹಾಕುತ್ತಿದ್ದಳು. ನನಗೆ ನಿದ್ದೆ ಬರುತ್ತಿದ್ದುದು ಆ ಮಾತು ಕಿವಿಗೆ ಬಿದ್ದ ಮೇಲೆಯೇ. ಅಪ್ಪ ಸ್ಟೇಷನ್ನಿನಲ್ಲೇ ಉಳಿಯುವ ದಿನ ಅವನ ಮೊಳೆ ಖಾಲಿ ಇರುತ್ತಿತ್ತು, ಅಂಥ ದಿನ ಅವ್ವ ಸುಮ್ಮನೆ ಬಾಗಿಲು ಹಾಕುತ್ತಿದ್ದಳು, ಆ ಮಾತು ಆಡುತ್ತಿರಲಿಲ್ಲ.

ಅವ್ವನಿಗೂ ಅಪ್ಪನಿಗೂ ದೊಡ್ಡ ಜಗಳವಾದದ್ದು ಒಂದು ನೈಲಾನ್ ಸೀರೆಯ ಸಲುವಾಗಿ. ಪೇಠೆಯ ಹೆಂಗಸರೆಲ್ಲ ಹೂಬಳ್ಳಿಯ ನೈಲಾನ್ ಸೀರೆ ಉಟ್ಟು ತುಳಶೀಬಾಗದ ಬಜಾರಿಗೆ ಹೋಗುತ್ತಿದ್ದ ಕಾಲ. ಅವ್ವ ಬಳೆಯಂಗಡಿಗೆ ಹೋದಾಗ ಒಂದು ತಂದಳು. ಅಪ್ಪ ಅದನ್ನು ಮುಟ್ಟಿ ನೋಡಿ, ಈ ಬಟ್ಟೆ ಮನೆಯೊಳಗೆ ಬರುವುದಿಲ್ಲ ಎಂದ. ಸ್ಟೋವಿನ ಮುಂದೆ ಇಂಥ ಸೆರಗು ಏನು ಮಾಡುತ್ತದೆ, ಮೈಗೆ ಹೇಗೆ ಅಂಟಿಕೊಳ್ಳುತ್ತದೆ ಎಂಬುದನ್ನು ಅವನು ಕಂಡಿದ್ದ, ನಾವು ಕಂಡಿರಲಿಲ್ಲ. ಊರಿಗೆಲ್ಲ ಬಂದ ಬೆಂಕಿ ನಮ್ಮ ಮನೆಯಲ್ಲೇ ಕೂತಿದೆ ಎಂದು ಅವ್ವ ಅತ್ತು, ಎರಡು ದಿನ ಅಪ್ಪನ ತಾಟಿಗೆ ರೊಟ್ಟಿಯನ್ನು ಎಸೆದ ಹಾಗೆ ಬಡಿಸಿದಳು. ಸೀರೆ ಮರಳಿ ಅಂಗಡಿಗೆ ಹೋಯಿತು. ಎದುರು ಖೋಲಿಯ ಗಂಗಾ ಕಾಕು ಮಾತ್ರ ಗಂಡನಿಂದ ಅಂಥದ್ದೇ ಒಂದನ್ನು ತರಿಸಿಕೊಂಡಿದ್ದಳು. ಮಲ್ಲಪ್ಪ ಕಾಕಾನಿಗೆ ಹೆಂಡತಿಗೆ ಇಲ್ಲ ಎನ್ನುವುದು ಬರುತ್ತಿರಲಿಲ್ಲ. ಹೊರಗೆ ಹೋಗುವಾಗ ಉಡು, ಒಲೆ ಹಚ್ಚುವ ಮುಂಚೆ ಬಿಚ್ಚಿಡು ಎಂದು ಮಧ್ಯದ ದಾರಿ ಹುಡುಕಿದ್ದ. ಅವನು ಯಾವತ್ತೂ ನಿಯಮವನ್ನು ಮುರಿಯುತ್ತಿರಲಿಲ್ಲ, ಸ್ವಲ್ಪ ಬಾಗಿಸುತ್ತಿದ್ದ. ಅಪ್ಪನಿಗೆ ಅದು ಗೊತ್ತಿತ್ತು, ಅವನ ಮೇಲೆ ಪ್ರೀತಿ ಇದ್ದುದರಿಂದ ಕಣ್ಣು ಮುಚ್ಚುತ್ತಿದ್ದ.

ಊಟದ ನಡುವೆ ಕೆಳಗೆ ಗಂಟೆ ಬಾರಿಸಿದರೆ ಅಪ್ಪ ತುತ್ತನ್ನು ತಾಟಿನಲ್ಲೇ ಬಿಟ್ಟು ಓಡುತ್ತಿದ್ದ. ಎದುರು ಖೋಲಿಯಿಂದ ಮಲ್ಲಪ್ಪ ಕಾಕಾನೂ ಓಡುತ್ತಿದ್ದ. ಅವ್ವ ಅಪ್ಪನ ತಾಟಿನ ಮೇಲೆ ಇನ್ನೊಂದು ತಾಟನ್ನು ಬೋರಲು ಹಾಕುತ್ತಿದ್ದಳು. ಅದನ್ನು ಯಾರೂ ಎತ್ತುವಂತಿಲ್ಲ, ತೊಳೆಯುವಂತಿಲ್ಲ. ಎಷ್ಟು ಹೊತ್ತಾದರೂ ಅವನು ಬಂದು ಅದೇ ತಣ್ಣಗಿನ ರೊಟ್ಟಿ, ಅದೇ ಪುಂಡಿಪಲ್ಯ ತಿಂದು ಮುಗಿಸಬೇಕು. ಎದುರಿನ ಮನೆಯಲ್ಲಿಯೂ ಅದೇ ಪದ್ಧತಿ. ಅವ್ವ ಮತ್ತು ಕಾಕು ಗ್ಯಾಲರಿಯಲ್ಲಿ ಮೊರ ಹಿಡಿದು ಕೂತು, ಹಸನಾದ ಜೋಳವನ್ನೇ ಮತ್ತೆ ಹಸನು ಮಾಡುತ್ತ, ಬಂಬದ ಸದ್ದಿಗೆ ಕಾಯುತ್ತಿದ್ದರು. ನಾನು ಮತ್ತು ಕಾಕುವಿನ ಮಗಳು ಶಶಿ, ಒಂದೇ ತರಗತಿಯವರು, ಅವರ ಪಕ್ಕದಲ್ಲಿ ಚೌಕಾಬಾರ ಆಡುತ್ತಿದ್ದೆವು. ದೂರದ ತಿರುವಿನಲ್ಲಿ ಬಂಬ ಗೇರು ಬದಲಿಸುವುದು ಮೊದಲು ಕೇಳಿಸುತ್ತಿದ್ದುದು ಕಾಕುವಿಗೆ. ಅವಳು ಎದ್ದು ಸ್ಟೋವು ಹಚ್ಚಿ ಎರಡೂ ಮನೆಗೆ ಚಹಾ ಇಡುತ್ತಿದ್ದಳು.

ಅಂಥದೊಂದು ದಿನ ಬಂಬ ಬಂತು, ಮಲ್ಲಪ್ಪ ಕಾಕಾ ಬರಲಿಲ್ಲ.

ಬೆಂಕಿ ಬಿದ್ದದ್ದು ಬಟ್ಟೆಯ ಗೋದಾಮಿಗೆ. ಹಳೆಯ ವಾಡೆ, ಮಣ್ಣಿಟ್ಟಿಗೆಯ ಗೋಡೆ, ಮರದ ಅಟ್ಟ. ಒಳಗೆ ಹೋದವರು ಆಗುವಷ್ಟು ಆರಿಸಿ, ಇನ್ನು ಒಳಗೆ ನಿಲ್ಲುವುದು ಅಪಾಯ ಎಂದು ಅಪ್ಪ ಕರೆದಾಗ ಒಬ್ಬೊಬ್ಬರೇ ಹೊರಬಂದು ತಮ್ಮ ಬಿಲ್ಲೆ ತೆಗೆದುಕೊಂಡರು. ಮಲ್ಲಪ್ಪ ಕಾಕಾನೂ ಬಂದ, ತನ್ನದನ್ನು ತೆಗೆದುಕೊಂಡ, ನೀರು ಕುಡಿಯಲು ಪಕ್ಕದ ಬೋಳಕ್ಕೆ ತಿರುಗಿದ. ಬೋಳ ಎಂದರೆ ಎರಡು ವಾಡೆಗಳ ನಡುವಿನ ಸಂದಿ. ಅಲ್ಲೊಬ್ಬ ಹಮಾಲ ಅವನ ಕೈ ಹಿಡಿದು, ತನ್ನ ಜೊತೆಗಾರ ಅಟ್ಟದ ಮೇಲೆ ಮಲಗಿದ್ದ, ಅವನು ಬಂದಿಲ್ಲ ಎಂದು ಅತ್ತ. ಸಂದಿಯಲ್ಲೇ ಒಂದು ಸಣ್ಣ ಬಾಗಿಲಿತ್ತು. ಮುಂದಿನ ಬಾಗಿಲಿಗೆ ಬಂದು ಹಲಗೆಗೆ ಬಿಲ್ಲೆ ಹಾಕಿ ಹೋಗಬೇಕಿತ್ತು. ಅಷ್ಟು ಸುತ್ತುವ ಬದಲು ಈಗ ಹೋಗಿ ಈಗ ಬಂದೆ ಎಂದುಕೊಂಡು ಅವನು ಬಿಲ್ಲೆಯನ್ನು ಕಿಸೆಗೆ ಹಾಕಿ ಒಳಗೆ ಹೋದ. ಇತ್ತ ಮುಂದಿನ ಬಾಗಿಲಲ್ಲಿ ಅಪ್ಪ ಹಲಗೆ ನೋಡಿದ. ಖಾಲಿ ಇತ್ತು. ಎಲ್ಲರೂ ಹೊರಗೆ ಇದ್ದಾರೆ ಎಂದು ತಿಳಿದು, ಮೇಲಿನ ಅಟ್ಟಕ್ಕೆ ಎರಡೂ ಪೈಪಿನ ನೀರನ್ನು ಪೂರ್ತಿ ಬಿಡಲು ಹೇಳಿದ. ಮನುಷ್ಯರು ಒಳಗಿರುವಾಗ ಹಾಗೆ ಯಾರೂ ಬಿಡುವುದಿಲ್ಲ. ನೀರು ಕುಡಿದ ಮಣ್ಣಿನ ಗೋಡೆ ಅಟ್ಟದ ಸಮೇತ ಒಳಕ್ಕೆ ಕುಸಿಯಿತು. ಹಮಾಲನ ಜೊತೆಗಾರ ಬೆಂಕಿ ಬೀಳುವ ಮೊದಲೇ ಚಹಾ ಕುಡಿಯಲು ಹೊರಗೆ ಹೋಗಿದ್ದನಂತೆ.

ಇದನ್ನೆಲ್ಲ ಕಣ್ಣಾರೆ ಕಂಡವನು ಆ ಹಮಾಲನೊಬ್ಬನೇ. ಅವನು ಅಪ್ಪನ ಕಾಲು ಹಿಡಿದು ಹೇಳಿ, ಮರುದಿನವೇ ತನ್ನೂರಿಗೆ ಹೊರಟುಹೋದ. ನಮ್ಮ ಕಡೆ ಮಣ್ಣು ಕೊಡುವುದು ಪದ್ಧತಿ. ಮಲ್ಲಪ್ಪ ಕಾಕಾನಿಗೆ ಮಣ್ಣು ಕೊಟ್ಟು ಬಂದ ಸಂಜೆ ಅಪ್ಪ ಸ್ನಾನ ಮಾಡಿ, ನಮ್ಮ ಮೂವರನ್ನು, ಅಂದರೆ ಅಜ್ಜಿ, ಅವ್ವ ಮತ್ತು ನನ್ನನ್ನು, ಅಡುಗೆಮನೆಯಲ್ಲಿ ಕೂರಿಸಿಕೊಂಡ. ನನ್ನನ್ನು ಹೊರಗೆ ಕಳಿಸು ಎಂದು ಅವ್ವ ಹೇಳಿದರೂ ಕೇಳಲಿಲ್ಲ. ಇವಳೂ ಈ ಮನೆಯವಳೇ, ಇವಳಿಗೂ ಒಂದು ಬಿಲ್ಲೆ ಇದೆ ಎಂದ. ನಡೆದದ್ದನ್ನೆಲ್ಲ ಇದ್ದ ಹಾಗೇ ಹೇಳಿದ. ಆಮೇಲೆ ವಿಚಾರಣೆಯಲ್ಲಿ ತಾನು ಏನು ಹೇಳಲಿದ್ದೇನೆ ಎಂಬುದನ್ನೂ ಹೇಳಿದ: ಮಲ್ಲಪ್ಪ ತನಗೆ ಹೇಳಿಯೇ ಎರಡನೇ ಸಲ ಒಳಗೆ ಹೋದ, ಬಿಲ್ಲೆಯನ್ನು ತನ್ನ ಕೈಗೇ ಕೊಟ್ಟ, ತಾನು ಅದನ್ನು ಹಲಗೆಗೆ ಹಾಕಲು ಮರೆತೆ, ಗದ್ದಲದಲ್ಲಿ ಕಳೆದೆ.

ಅವ್ವನಿಗೆ ತಡೆಯಲಾಗಲಿಲ್ಲ.

"ಮಾಡದ ತಪ್ಪು ಮೈಮ್ಯಾಲೆ ಹಾಕ್ಕೋತೀರೇನ್ರಿ? ನಿಮಗೂ ಒಂದು ಹೆಸರದ. ಈ ಹುಡುಗಿಗೂ ಒಂದು ಹೆಸರದ."

"ಖರೇ ಹೇಳಿದ್ರ ಏನಾಗ್ತದ ಗೊತ್ತದ ಏನು ನಿನಗ? ನಿಯಮ ಮುರದು ಸತ್ತ ಅಂತಾರ. ಗಂಗಾಗ ನೌಕರಿ ಕೊಡೂ ಮುಂದ ನೂರು ಮಾತಾಡ್ತಾರ, ಖೋಲಿ ಬಿಡಸ್ತಾರ. ಅದೂ ಹೋಗ್ಲಿ. ಹೊಸಾ ಹುಡುಗುರು ಬಂದಾಗೊಮ್ಮೆ, ಮಲ್ಲಪ್ಪನಂಗ ಮಾಡಬ್ಯಾಡ್ರಿ ಅಂತ ಕಲಸ್ತಾರ. ಅಂವ ದಿನಾ ಸಾಯ್ತಾನ. ಸತ್ತಾಂವ ಬಂದು ತನ್ನ ಮಾತು ತಾ ಹೇಳಂಗಿಲ್ಲ."

ಅವನು ತನ್ನ ಅಂಗೈ ನೋಡಿಕೊಂಡ. ಮುಂದಿನದನ್ನು ನಮಗೆ ಹೇಳಿದನೋ ತನಗೇ ಹೇಳಿಕೊಂಡನೋ ಗೊತ್ತಿಲ್ಲ.

"ಪೂರಾ ಸುಳ್ಳೂ ಅಲ್ಲ ಅದು. ನಾ ಹಲಿಗಿ ನೋಡಿದೆ, ಮಂದಿ ಮಾರಿ ನೋಡ್ಲಿಲ್ಲ. ಒಂದು ಸಲ ಎಲ್ಲಾರ ಮಾರಿ ನೋಡಿದ್ರ ಮಲ್ಲಪ್ಪ ಇಲ್ಲ ಅನ್ನೂದು ತಿಳೀತಿತ್ತು."

ಅಜ್ಜಿ ಎದ್ದು ಬಂದು ಮಗನ ತಲೆಯ ಮೇಲೆ ಕೈ ಇಟ್ಟು, ಹೊರಲಾರದಷ್ಟು ಹೊರೆ ತಲೆಗೆ ಏರಿಸಿಕೊಂಡೆ ಎಂದಳು. ಬೇಡ ಎನ್ನಲಿಲ್ಲ. ಈ ಮಾತು ಈ ಖೋಲಿ ದಾಟಬಾರದು ಎಂದು ಅಪ್ಪ ನಮ್ಮಿಂದ ಮಾತು ತೆಗೆದುಕೊಂಡ. ಶಿಸ್ತು ಎಂದರೆ ಸಾಲಾಗಿ ನಿಲ್ಲುವುದು, ಬೂಟಿಗೆ ಪಾಲಿಶ್ ಹಚ್ಚುವುದು ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಬಾಯಿಗೆ ಬಂದದ್ದನ್ನು ಒಳಗೇ ಇಟ್ಟುಕೊಂಡು ಬದುಕುವುದೂ ಶಿಸ್ತೇ ಎಂದು ಅವತ್ತಿನಿಂದ ಕಲಿಯಬೇಕಾಯಿತು. ಅದಕ್ಕೆ ನನ್ನ ವಯಸ್ಸು ಸಾಲುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಅಪ್ಪ ವಿಚಾರಣೆಯಲ್ಲಿ ಹೇಳಿದ ಮಾತು ಒಂದೇ ದಿನದಲ್ಲಿ ಗ್ಯಾಲರಿಯ ತುಂಬ ಹಬ್ಬಿತು. ಮರುದಿನ ಬೆಳಿಗ್ಗೆ ಗಂಗಾ ಕಾಕು ಹೊರಗೆ ಬಂದು ನಮ್ಮ ಹೊಸ್ತಿಲ ಮುಂದೆ ನಿಂತಳು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಅಪ್ಪ ಎದ್ದು ಬಾಗಿಲಿಗೆ ಬಂದ.

"ಅಣ್ಣಾರ, ನೀವು ಹೇಳಿದ್ದು ಖರೇ ಏನ್ರಿ?"

"ಖರೇ ಅದವ್ವಾ."

ಕಾಕು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಅಪ್ಪ ಕಣ್ಣು ತಗ್ಗಿಸಲಿಲ್ಲ. ಅವಳು ತಿರುಗಿ ತನ್ನ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದಾದ ಮೇಲೆ ಅವಳು ಅಪ್ಪನ ಜೊತೆ ಮಾತಾಡಲಿಲ್ಲ. ಅವ್ವನ ಜೊತೆಯೂ ಇಲ್ಲ. ಗ್ಯಾಲರಿಯಲ್ಲಿ ಅಪ್ಪ ಎದುರಾದರೆ ಗೋಡೆಗೆ ಸರಿದು ನಿಂತು, ಅವನು ದಾಟಿದ ಮೇಲೆ ನಡೆಯುತ್ತಿದ್ದಳು. ಶಶಿ ಶಾಲೆಯಲ್ಲಿ ಬೇರೆ ಬೆಂಚಿಗೆ ಹೋದಳು. ನಾನು ಒಮ್ಮೆ ಅವಳ ಹಿಂದೆ ಹೋಗಿ ಡಬ್ಬಿಯ ಶೇಂಗಾ ಹೋಳಿಗೆ ಕೊಡಲು ಕೈ ಚಾಚಿದಾಗ ಅವಳು ಅಳುತ್ತ ಒಂದೇ ಮಾತು ಹೇಳಿದಳು.

"ನಿಮ್ಮಪ್ಪ ನಮ್ಮಪ್ಪನ್ನ ಒಳಗ ಬಿಟ್ಟು ಮರತಾ."

ನಿಜ ನನ್ನ ನಾಲಿಗೆಯ ತುದಿಯಲ್ಲಿತ್ತು. ಹೋಳಿಗೆ ಕೈಯಲ್ಲೇ ಉಳಿಯಿತು. ಮನೆಗೆ ಬಂದು ಅವ್ವನ ಮಡಿಲಲ್ಲಿ ಮುಖ ಇಟ್ಟು ಅತ್ತೆ, ಏಕೆ ಎಂದು ಅವಳು ಕೇಳಲಿಲ್ಲ.

ಅಪ್ಪನಿಂದ ಸ್ಟೇಷನ್ನನ್ನು ಕಿತ್ತುಕೊಂಡರು. ಖೋಲಿ ಉಳಿಯಿತು, ಕೆಲಸ ಬದಲಾಯಿತು. ಹಿಂದಿನ ಅಂಗಳದಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ತಾಲೀಮು ಕೊಡುವ ಕೆಲಸ. ಮೊದಲು ಅವನು ಬಂದರೆ ಎದ್ದು ನಿಲ್ಲುತ್ತಿದ್ದವರು ಈಗ ಬೂಟಿನ ಲೇಸು ಕಟ್ಟುವ ನೆಪದಲ್ಲಿ ಬಗ್ಗುತ್ತಿದ್ದರು. ತಮ್ಮವನೊಬ್ಬನನ್ನು ಮರೆತ ಸಾಹೇಬನನ್ನು ಅವರು ಹೇಗೆ ಕ್ಷಮಿಸಬೇಕು? ಕಾಕುವಿಗೆ ಇಲಾಖೆಯ ಕಚೇರಿಯಲ್ಲಿ ಸಿಪಾಯಿಯ ನೌಕರಿ ಸಿಕ್ಕಿತು, ಮೂಲೆಯ ಖೋಲಿ ಅವಳಿಗೇ ಉಳಿಯಿತು. ಅಪ್ಪ ಬೇಡಿದ್ದು ಅಷ್ಟೇ ಆಗಿತ್ತು, ಅಷ್ಟು ಆಯಿತು. ನಾನು ಗ್ಯಾಲರಿಯಲ್ಲಿ ಪಾಠ ಓದುತ್ತ ಕೂತರೆ ಕೆಳಗಿನ ಅಂಗಳದಿಂದ ಅವನ ದನಿ ಕೇಳಿಸುತ್ತಿತ್ತು. ಹುಡುಗರ ಪ್ರತಿ ಹೊಸ ತಂಡಕ್ಕೂ ಏಣಿ ಹತ್ತುವುದು, ಪೈಪು ಸುತ್ತುವುದು ಎಲ್ಲ ಕಲಿಸಿದ ಮೇಲೆ, ಅವರನ್ನು ನೆಲದ ಮೇಲೆ ಕೂರಿಸಿ ಮರಾಠಿಯಲ್ಲಿ ಒಂದು ಕತೆ ಹೇಳುತ್ತಿದ್ದ. ಒಬ್ಬ ಸಾಹೇಬನಿದ್ದ, ಅವನು ಹಲಗೆ ನೋಡಿದ, ಮುಖ ನೋಡಲಿಲ್ಲ, ಅವನ ಬಲಗೈಯಂಥ ಮನುಷ್ಯ ಸತ್ತ. ಆ ಸಾಹೇಬ ಯಾರು ಎಂದು ಹುಡುಗರಲ್ಲೊಬ್ಬ ಕೇಳಿದರೆ, ನಾನೇ ಎನ್ನುತ್ತಿದ್ದ. ಮೂಲೆಯ ಖೋಲಿಯ ಕಿಟಕಿ ಆ ಅಂಗಳಕ್ಕೇ ತೆರೆದುಕೊಂಡಿತ್ತು, ಕಾಕು ಅದನ್ನು ಯಾವತ್ತೂ ಮುಚ್ಚಲಿಲ್ಲ.

ಮನೆಯಲ್ಲಿಯೂ ಒಂದು ಸಂಗತಿ ಬದಲಾಯಿತು. ಹಲಗೆ ಹಾಗೇ ಇತ್ತು, ನಾವು ಬಿಲ್ಲೆ ತೆಗೆಯುವುದು ಹಾಕುವುದು ಹಾಗೇ ಇತ್ತು. ಆದರೆ ರಾತ್ರಿ ಅಪ್ಪ ಹಲಗೆಯ ಕಡೆ ನೋಡುತ್ತಿರಲಿಲ್ಲ. ಅಜ್ಜಿಯ ಹಾಸಿಗೆಯ ಹತ್ತಿರ ಬಗ್ಗಿ ಅವಳ ಮುಖ ನೋಡುತ್ತಿದ್ದ, ಆಮೇಲೆ ನನ್ನದು, ಆಮೇಲೆ ಅವ್ವನದು. ತಾನೇ ಹೋಗಿ ಬಾಗಿಲು ಹಾಕುತ್ತಿದ್ದ. "ಎಲ್ಲಾರೂ ಒಳಗ ಅದಾರ" ಎನ್ನುವ ಮಾತು ಅವನ ಬಾಯಿಂದ ಮತ್ತೆ ಬರಲಿಲ್ಲ. ನಾನು ಬಹಳ ದಿನ ಅದಕ್ಕೆ ಕಾಯುತ್ತ ಎಚ್ಚರವಿರುತ್ತಿದ್ದೆ, ಕ್ರಮೇಣ ಅದಿಲ್ಲದೆ ಮಲಗುವುದು ರೂಢಿಯಾಯಿತು.

ಹಬ್ಬ ಬಂದಾಗ ಅವ್ವ ಕಾಕುವಿನ ಮನೆಗೆ ಹಿತ್ತಾಳೆಯ ಡಬರಿಯಲ್ಲಿ ಗೋದಿ, ಬೆಲ್ಲದ ಮಾದಲಿ ಕಳಿಸುತ್ತಿದ್ದಳು. ಕೊಡುವ ಕೆಲಸ ನನ್ನದು. ಕಾಕು ಬಾಗಿಲು ತೆರೆದು, ಮಾತಿಲ್ಲದೆ ಡಬರಿ ಇಸಿದುಕೊಂಡು ಬಾಗಿಲು ಹಾಕುತ್ತಿದ್ದಳು. ಮರುದಿನ ತೊಳೆದ ಡಬರಿ ನಮ್ಮ ಹೊಸ್ತಿಲ ಮೇಲೆ ಇರುತ್ತಿತ್ತು. ಅದರೊಳಗೆ ಯಾವಾಗಲೂ ಒಂದು ಹಿಡಿ ಸಕ್ಕರೆ. ಪಾತ್ರೆಯನ್ನು ಖಾಲಿ ಮರಳಿಸಬಾರದು ಎನ್ನುವುದು ನಮ್ಮ ಕಡೆಯ ಪದ್ಧತಿ. ಮಾತು ಬಿಟ್ಟಿದ್ದಾಳೆ, ಪದ್ಧತಿ ಬಿಟ್ಟಿಲ್ಲ ಎಂದು ಅವ್ವ ನಿಟ್ಟುಸಿರು ಬಿಡುತ್ತಿದ್ದಳು. ಅಪ್ಪ ಆ ಸಕ್ಕರೆಯಲ್ಲಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅವನು ಅಪೇಕ್ಷೆ ಪಟ್ಟದ್ದು ಒಂದೇ, ಗಂಗಾ ಒಂದು ಸಲ 'ಅಣ್ಣಾರ' ಎನ್ನಬೇಕು. ಅದನ್ನೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಡಬರಿ ಬಂತೇನು ಎಂದು ಮಾತ್ರ ಕೇಳುತ್ತಿದ್ದ.

ಅಜ್ಜಿ ತೀರಿದಳು, ಅವಳ ಬಿಲ್ಲೆಯನ್ನು ಕೊನೆಯ ಸಲ ನಾನೇ ತೆಗೆದೆ. ನಾನು ನರ್ಸಿಂಗ್ ಓದಿ ಆಪರೇಷನ್ ಥಿಯೇಟರಿನಲ್ಲಿ ಕೆಲಸಕ್ಕೆ ಸೇರಿದೆ. ಹೊಟ್ಟೆ ಹೊಲಿಯುವ ಮುಂಚೆ ಒಳಗೆ ಹೋದ ಬಟ್ಟೆ, ಕತ್ತರಿ, ಚಿಮಟ ಎಲ್ಲ ಹೊರಗೆ ಬಂದಿವೆಯೇ ಎಂದು ನೋಡುವುದು ನಮ್ಮ ಕೆಲಸ. ಗೋಡೆಯ ಫಲಕದ ಮೇಲೆ ಲೆಕ್ಕ ಬರೆದಿರುತ್ತದೆ, ಅದನ್ನು ಓದಿ ಸರಿ ಇದೆ ಎಂದರೆ ಯಾರೂ ಕೇಳುವುದಿಲ್ಲ. ನಾನು ಒಂದೊಂದನ್ನೂ ಕೈಯಿಂದ ಮುಟ್ಟಿ ನೋಡದೆ ಸರಿ ಎಂದವಳಲ್ಲ. ಒಮ್ಮೆ ದೊಡ್ಡ ಸರ್ಜನ್ ಒಬ್ಬರು ಸೂಜಿ ಹಿಡಿದು ನಿಂತು, ಫಲಕದಲ್ಲಿ ಸರಿ ಇದೆಯಲ್ಲ, ಇನ್ನೇನು ಎಂದು ಸಿಡುಕಿದರು. ಫಲಕ ಸರಿ ಇದೆ, ಬಟ್ಟೆ ಸರಿ ಇಲ್ಲ ಎಂದೆ. ಒಂದು ಬಟ್ಟೆ ಒಳಗೇ ಉಳಿದಿತ್ತು. ಅವತ್ತಿನಿಂದ ನನಗೆ ಗಂಟುಮುಖದ ಸಿಸ್ಟರ್ ಎಂಬ ಬಿರುದು, ಜೊತೆಗೆ ಹೊಸ ಹುಡುಗಿಯರಿಗೆ ಕಲಿಸುವ ಜವಾಬ್ದಾರಿ. ಅವರಿಗೂ ನಾನು ಒಬ್ಬ ಸಾಹೇಬನ ಕತೆ ಹೇಳುತ್ತೇನೆ. ಆ ಸಾಹೇಬ ಯಾರು ಎಂದು ಕೇಳಿದರೆ, ನನಗೆ ಬೇಕಾದವರು ಎನ್ನುತ್ತೇನೆ.

ಅಪ್ಪ ನಿವೃತ್ತನಾದ ಮೇಲೆ ಪುಣೆಯ ಅಂಚಿನ ಕಾತ್ರಜದಲ್ಲಿ ಸಣ್ಣದೊಂದು ಮನೆ ಮಾಡಿದೆವು. ಸಾತಾರೆಯ ಕಡೆ ಹೋಗುವ ಲಾರಿಗಳ ಸದ್ದು ದಿನವಿಡೀ ಕೇಳುತ್ತದೆ. ಗೇರು ಬದಲಾದಾಗೊಮ್ಮೆ ಅವ್ವ ಇವತ್ತಿಗೂ ತಲೆ ಎತ್ತುತ್ತಾಳೆ. ಹಲಗೆ ನಮ್ಮ ಜೊತೆಗೇ ಬಂತು. ಕಾಕು ಶಶಿಯ ಜೊತೆ ಶಿರೂರಿಗೆ ಹೋದಳು, ಶಶಿಗೆ ಅಲ್ಲಿನ ಶಾಲೆಯಲ್ಲಿ ಕೆಲಸ. ಡಬರಿ ಹೋಗುವುದೂ ನಿಂತಿತು, ಬರುವುದೂ ನಿಂತಿತು. ಅಪ್ಪ ಮಾತ್ರ ಹಬ್ಬದ ಮರುದಿನ ಬಾಗಿಲು ತೆರೆದು ಹೊಸ್ತಿಲು ನೋಡಿ ಬರುತ್ತಿದ್ದ. ಹೋದ ಮಳೆಗಾಲದಲ್ಲಿ ಹಾಸಿಗೆ ಹಿಡಿದ. ಹೊಗೆ ಕುಡಿದ ಎದೆ, ಉಸಿರು ಸಾಲುತ್ತಿರಲಿಲ್ಲ. ಕೊನೆಯ ದಿನಗಳಲ್ಲಿ ನಾನು ತುಟಿಗೆ ನೀರು ಹಚ್ಚುವಾಗ ನನ್ನ ಕೈ ಹಿಡಿದು ಕೇಳಿದ.

"ಗಂಗಾ ಏನರ ಮಾತಾಡಿದ್ಲೇನು?"

ಹೌದು ಎನ್ನಬಹುದಿತ್ತು. ಸುಳ್ಳಿನ ಭಾರ ಏನು ಎಂದು ಅವನಿಂದಲೇ ಕಲಿತವಳು ನಾನು. ಇನ್ನೂ ಇಲ್ಲ ಅಪ್ಪಾ ಎಂದೆ. ಅವನು ತಲೆಯಾಡಿಸಿದ. ಅವನನ್ನು ಮಣ್ಣಿಗೆ ಕೊಟ್ಟು ಬಂದ ಮೇಲೆ, ಹೊರಗೆ ಹೋದವರ ಬಿಲ್ಲೆ ತೆಗೆಯಬೇಕೆಂಬ ನಿಯಮ ನಮ್ಮಿಬ್ಬರಿಗೂ ನೆನಪಿತ್ತು. ತೆಗೆಯಲು ಅವ್ವನಿಗೂ ಕೈ ಬರಲಿಲ್ಲ, ನನಗೂ ಬರಲಿಲ್ಲ. ಅದು ಮೊಳೆಯಲ್ಲೇ ಉಳಿಯಿತು.

ದೀಪಾವಳಿಗೆ ಮುಂಚೆ ಒಂದು ಸಂಜೆ ಬಾಗಿಲು ಬಡಿದ ಸದ್ದಾಯಿತು. ಗಂಗಾ ಕಾಕು, ಒಬ್ಬಳೇ, ಶಿರೂರಿನ ಬಸ್ಸು ಇಳಿದು ರಿಕ್ಷಾ ಹಿಡಿದು ಬಂದಿದ್ದಳು. ಸೊಂಟ ಬಾಗಿತ್ತು. ಅಪ್ಪ ಹೋದದ್ದು ಯಾರೋ ಹಳೆಯ ಕ್ವಾರ್ಟರ್ಸಿನವರಿಂದ ತಡವಾಗಿ ಗೊತ್ತಾಗಿತ್ತು. ಒಳಗೆ ಬಂದು ಅವ್ವನ ಪಕ್ಕ ಕೂತಳು. ಇಬ್ಬರೂ ಅಳಲಿಲ್ಲ. ಕಾಕು ಸೆರಗಿನ ತುದಿಯ ಗಂಟು ಬಿಚ್ಚಿ, ಅವ್ವನ ಅಂಗೈಯಲ್ಲಿ ಒಂದು ಹಿತ್ತಾಳೆ ಬಿಲ್ಲೆ ಇಟ್ಟಳು. ಸ್ಟೇಷನ್ನಿನ ಬಿಲ್ಲೆ, ಮಲ್ಲಪ್ಪ ಕಾಕಾನದು.

"ದವಾಖಾನೆಯವ್ರು ಅವರ ಅಂಗಿ ಕೊಟ್ಟಿದ್ರು ಅಕ್ಕಾ. ತೊಳಿಯಾಕ ಹೋದ್ರ ಕಿಸೇದಾಗ ಇದು ಸಿಕ್ತು. ಬಿಲ್ಲಿ ಕಿಸೇದಾಗ ಅದ ಅಂದ್ರ ಇವರು ಕೊಡದನ ಹೋಗ್ಯಾರ ಅಂತ ಅವತ್ತ ತಿಳೀತು. ಅಣ್ಣಾರ್ನ ಕೇಳಾಕ ಬಂದಾಗ ಇದು ನನ್ನ ಮುಷ್ಟ್ಯಾಗ ಇತ್ತು."

ನನಗೆ ಆ ಬೆಳಿಗ್ಗೆ, ಆ ಬಿಗಿಹಿಡಿದ ಸೆರಗು ಕಣ್ಣಿಗೆ ಕಟ್ಟಿತು. ಅವ್ವ ಬಿಲ್ಲೆಯ ಮೇಲೆ ಬೆರಳಾಡಿಸಿದಳು.

"ಗೊತ್ತಿದ್ದೂ ಮಾತು ಬಿಟ್ಟೆಲ್ಲ ಗಂಗಾ. ಅವರು ಹಾದಿ ನೋಡಿ ನೋಡಿ ಹೋದ್ರು."

"ಮಾತಾಡಿದ್ರ ಇದ ಬಾಯಿಗೆ ಬರ್ತಿತ್ತಕ್ಕಾ. ನಾ ಬಾಯಿ ಬಿಟ್ರ ಅಣ್ಣಾರು ಅಷ್ಟ ಮಂದಿ ಮುಂದ ಆಡಿದ ಮಾತು ಸುಳ್ಳಾಗ್ತಿತ್ತು. ಶಶೀ ಹೊಟ್ಟಿ, ಇವರ ಹೆಸರು, ಎಲ್ಲಾ ಆ ಮಾತಿನ ಮ್ಯಾಲೆ ನಿಂತಿತ್ತು. ಅಂಗಳದಾಗ ಹುಡುಗುರಿಗೆ ಹೇಳೂದ ಕೇಳಿ ದಿನಾ ಅಳ್ತಿದ್ದೆ. ಒಂದು ಮುಟಗಿ ಸಕ್ರಿ ಬಿಟ್ರ ಬ್ಯಾರೇ ಏನೂ ಕೊಡಾಕ ಆಗಲಿಲ್ಲ ನನ್ನ ಕೈಲೆ."

ಆಗ ಅವ್ವ ಅತ್ತಳು. ನಾನೂ ಅತ್ತೆ, ಸಿಟ್ಟಿನಿಂದಲೂ ಅತ್ತೆ. ಅಪ್ಪ, ಕಾಕು ಇಬ್ಬರೂ ಒಬ್ಬರನ್ನೊಬ್ಬರು ಕಾಯಲು ಹೋಗಿ ಆಯುಷ್ಯವನ್ನೇ ಕಳೆದುಬಿಟ್ಟಿದ್ದರು. ಒಂದು ಹಬ್ಬದ ದಿನ ಡಬರಿಯ ಜೊತೆ ಒಂದು ಮಾತು ಬಂದಿದ್ದರೆ ಸಾಕಾಗಿತ್ತು. ಆದರೆ ಯಾರನ್ನು ಬೈಯುವುದು? ಅಪ್ಪ ಕಲಿಸಿದ ಶಿಸ್ತನ್ನು ಅವನಿಗಿಂತ ಚೆನ್ನಾಗಿ ಪಾಲಿಸಿದವಳು ಇವಳೇ. ಶಶಿಗೆ ಈಗ ಹೇಳಿದ್ದಾಳಂತೆ, ಅವಳು ಎರಡು ದಿನದಿಂದ ಊಟ ಮಾಡಿಲ್ಲವಂತೆ.

ನಾನು ರೊಟ್ಟಿ ಬಡಿದೆ. ಕಾಕು ನಮ್ಮ ಮನೆಯಲ್ಲಿ ಕೂತು ಉಂಡಳು, ಪಲ್ಯಕ್ಕೆ ಉಪ್ಪು ಕಮ್ಮಿ ಎಂದಳು. ಊಟವಾದ ಮೇಲೆ ಗೋಡೆ ಹಿಡಿದುಕೊಂಡು ಹಲಗೆಯ ಹತ್ತಿರ ಹೋದಳು. ಅಪ್ಪನ ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿ, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ "ಅಣ್ಣಾರ" ಎಂದಳು. ಪಕ್ಕದಲ್ಲಿ ಅಜ್ಜಿಯ ಹಳೆಯ ಮೊಳೆ ಖಾಲಿ ಇತ್ತು. ಮಲ್ಲಪ್ಪ ಕಾಕಾನ ಬಿಲ್ಲೆಯನ್ನು ಅದಕ್ಕೆ ಹಾಕಿದಳು. ಅವ್ವ ಕೂತಲ್ಲಿಂದಲೇ ನನ್ನ ಮುಖ ನೋಡಿದಳು, ಕಾಕುವಿನ ಮುಖ ನೋಡಿದಳು, ಆಮೇಲೆ ಹಲಗೆ ನೋಡಿದಳು.

"ಎಲ್ಲಾರೂ ಒಳಗ ಅದಾರ," ಎಂದಳು. "ಬಾಗಲಾ ಹಾಕು ಸುಮಿ."

ನಾನು ಎದ್ದು ಅಗಳಿ ಹಾಕಿದೆ.